ನಾವು ಎಷ್ಟು ಮಂದಿ?

(ಕನ್ನಡ ವಿಭಾಗದಿಂದ ಪ್ರಸಾರವಾದ ಭಾಷಣದ ಪಠ್ಯ)

 

ಮುಂಬಯಿಯ ಯಾವುದೇ ಕನ್ನಡ ಸಮಾರಂಭಕ್ಕೆ ಹೋಗಿ ನೋಡಿ. ಮಾಟುಂಗಾ ಇರಲಿ, ಘಾಟ್ಕೋಪರ್ ಇರಲಿ, ಡೊಂಬಿವಲಿ ಇರಲಿ, ವೇದಿಕೆಯ ಮೇಲೆ ಯಾರಾದರೊಬ್ಬರು "ಈ ಮಹಾನಗರದಲ್ಲಿ ನಾವು ಇಷ್ಟು ಲಕ್ಷ ಕನ್ನಡಿಗರಿದ್ದೇವೆ" ಎಂದು ಹೇಳಿಯೇ ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮುಂದಿನ ವಾರ ಇನ್ನೊಂದು ಸಭೆಯಲ್ಲಿ ಇನ್ನೊಬ್ಬರು ಅದರ ಎರಡರಷ್ಟು ಹೇಳುತ್ತಾರೆ. ಅದಕ್ಕೂ ಚಪ್ಪಾಳೆ. ಈ ಲೆಕ್ಕ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಅಭಿಮಾನದ ಮಾತಿಗೆ ಲೆಕ್ಕ ಕೇಳುವುದು ಸೌಜನ್ಯವಲ್ಲ ಎಂದು ನಾವು ಸುಮ್ಮನಿರುತ್ತೇವೆ.

ಆದರೆ ಅದೇ ಮಾತನ್ನು ಹಿಡಿದು ಸರ್ಕಾರಿ ಕಚೇರಿಗೆ ಹೋದರೆ ಚಪ್ಪಾಳೆ ಸಿಗುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಒಂದೇ: "ಪುರಾವೆ ಏನಿದೆ?" ಕನ್ನಡ ಮಾಧ್ಯಮದ ಶಾಲೆ ಉಳಿಸಿ ಎಂದರೂ ಅದೇ ಪ್ರಶ್ನೆ, ಕನ್ನಡ ಶಿಕ್ಷಕರನ್ನು ಕೊಡಿ ಎಂದರೂ ಅದೇ ಪ್ರಶ್ನೆ. ಹೊರನಾಡಿನ ಬಾನುಲಿಯಲ್ಲಿ ಕನ್ನಡಕ್ಕೆ ಮೀಸಲಾದ ಈ ನಿಮಿಷಗಳ ಬಗೆಗೂ ಒಂದಲ್ಲ ಒಂದು ದಿನ ಅದೇ ಪ್ರಶ್ನೆ ಬರಬಹುದು. ಆ ಪ್ರಶ್ನೆಗೆ ಉತ್ತರವಾಗಿ ನಿಲ್ಲುವುದು ಸರ್ಕಾರದ ಅಧಿಕೃತ ಅಂಕಿ-ಅಂಶ. ಅದಕ್ಕೆ ಅಷ್ಟು ಬೆಲೆ ಏಕೆ, ಅದು ಏನನ್ನು ರುಜುವಾತುಪಡಿಸುತ್ತದೆ, ಏನನ್ನು ರುಜುವಾತುಪಡಿಸುವುದಿಲ್ಲ, ಅದರಲ್ಲಿ ನಮ್ಮ ನಿಮ್ಮ ಪಾಲೇನು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಲೆಕ್ಕವನ್ನೇ ನೋಡೋಣ. 2001ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು ಹನ್ನೆರಡೂವರೆ ಲಕ್ಷ. 2011ರ ಜನಗಣತಿಯಲ್ಲಿ ಅದು ಸುಮಾರು ಹತ್ತು ಲಕ್ಷ. ಹತ್ತು ವರ್ಷಗಳಲ್ಲಿ ಎರಡೂವರೆ ಲಕ್ಷ ಇಳಿಕೆ. ಅದೇ ಅವಧಿಯಲ್ಲಿ ಇಡೀ ದೇಶದಲ್ಲಿ ಕನ್ನಡ ಭಾಷಿಕರ ಸಂಖ್ಯೆ 3 ಕೋಟಿ 79 ಲಕ್ಷದಿಂದ 4 ಕೋಟಿ 37 ಲಕ್ಷಕ್ಕೆ ಏರಿತು. ದೇಶದಲ್ಲಿ ಏರಿತು, ನಮ್ಮ ರಾಜ್ಯದಲ್ಲಿ ಇಳಿಯಿತು. ಈ ಎರಡು ಸಾಲುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇವುಗಳ ಅರ್ಥವೇನು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಸಭೆಯಲ್ಲಿ ಹೇಳಿದ ಲೆಕ್ಕಕ್ಕಿಂತ ಈ ಲೆಕ್ಕಕ್ಕೆ ಹೆಚ್ಚು ಬೆಲೆ ಏಕೆ? ಸರ್ಕಾರ ಹೇಳಿತು ಎಂಬ ಒಂದೇ ಕಾರಣಕ್ಕಾಗಿ ಖಂಡಿತ ಅಲ್ಲ. ಅದನ್ನು ಮಾಡುವ ರೀತಿಯಿಂದಾಗಿ. ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದ ಈ ಕೆಲಸ ಇಡೀ ದೇಶದಲ್ಲಿ ಏಕಕಾಲಕ್ಕೆ ನಡೆದದ್ದು ಮೊದಲು 1881ರಲ್ಲಿ. ಅಲ್ಲಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆಯಿತು. 2011ರಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಶಾಲಾ ಶಿಕ್ಷಕರು, ಮನೆಮನೆಗೆ ನಡೆದರು. ಎಲ್ಲರ ಕೈಯಲ್ಲೂ ಒಂದೇ ಪ್ರಶ್ನಾವಳಿ, ಎಲ್ಲರಿಗೂ ಒಂದೇ ಸೂಚನಾ ಪುಸ್ತಕ. ಲೆಕ್ಕಕ್ಕೆ ಹಿಡಿದ ಗಳಿಗೆಯೂ ಬಹುತೇಕ ಎಲ್ಲೆಡೆ ಒಂದೇ: ಮಾರ್ಚ್ 1ರ ಶುರು, ಅಂದರೆ ಫೆಬ್ರುವರಿ 28ರ ಮಧ್ಯರಾತ್ರಿ. ಮನೆಯೇ ಇಲ್ಲದೆ ಫುಟ್‌ಪಾತಿನಲ್ಲಿ, ರೈಲು ನಿಲ್ದಾಣದಲ್ಲಿ, ಮೇಲ್ಸೇತುವೆಯ ಕೆಳಗೆ ಮಲಗುವವರನ್ನು ಆ ಫೆಬ್ರುವರಿ 28ರ ರಾತ್ರಿಯೇ ಹೋಗಿ ಎಣಿಸಿದರು. ಯಾವ ಸಂಘ ಸಂಸ್ಥೆಗೂ ಇಂಥ ಎಣಿಕೆ ಸಾಧ್ಯವಿಲ್ಲ.

ಇನ್ನೊಂದು ವಿಷಯ. 1948ರ ಜನಗಣತಿ ಕಾಯಿದೆಯ ಪ್ರಕಾರ ಗಣತಿದಾರರು ಕೇಳಿದ ಪ್ರಶ್ನೆಗೆ ತಿಳಿದಮಟ್ಟಿಗೆ ನಿಜ ಹೇಳುವುದು ನಮ್ಮ ಕರ್ತವ್ಯ. ಹಾಗೆಯೇ, ನಾವು ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ಆ ಕಾಯಿದೆಯ 15ನೆಯ ಕಲಮು ಸ್ವಾರಸ್ಯವಾಗಿದೆ. ನೀವು ತುಂಬಿಸಿದ ನಮೂನೆಯನ್ನು ಬೇರೆ ಯಾರೂ ತೆರೆದು ನೋಡುವಂತಿಲ್ಲ. ಅದನ್ನು ಸಾಮಾನ್ಯ ದಾವೆಗಳಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಂತೆಯೂ ಇಲ್ಲ. ಅಂದರೆ ನಿಮ್ಮೊಬ್ಬರ ಉತ್ತರ ನಿಮ್ಮ ವಿರುದ್ಧ ಸಾಕ್ಷ್ಯವಾಗದು. ಆದರೆ ಕೋಟ್ಯಂತರ ಮಂದಿಯ ಉತ್ತರಗಳನ್ನು ಕೂಡಿಸಿದಾಗ ಬರುವ ಮೊತ್ತ ಇಡೀ ದೇಶಕ್ಕೆ ಸಾಕ್ಷ್ಯವಾಗುತ್ತದೆ. ಒಬ್ಬೊಬ್ಬರ ಗುಟ್ಟನ್ನು ಕಾಯುವುದರಿಂದಲೇ ಎಲ್ಲರ ಲೆಕ್ಕ ನಂಬಿಕೆಗೆ ಯೋಗ್ಯವಾಗಿದೆ.

ಮತ್ತೂ ಒಂದು ಗುಣವಿದೆ. ಈ ಲೆಕ್ಕ ತನ್ನ ತಪ್ಪನ್ನೂ ತಾನೇ ಅಳೆಯುತ್ತದೆ. ಗಣತಿ ಮುಗಿದ ಮೇಲೆ ಆಯ್ದ ಕೆಲವು ಪ್ರದೇಶಗಳಿಗೆ ಮತ್ತೊಮ್ಮೆ ಹೋಗಿ, ಯಾರಾದರೂ ಬಿಟ್ಟುಹೋದರೇ, ಯಾರನ್ನಾದರೂ ಎರಡು ಸಲ ಎಣಿಸಲಾಯಿತೇ ಎಂದು ಪರೀಕ್ಷಿಸುತ್ತಾರೆ. 2011ರ ಪರೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 23 ಮಂದಿ ಲೆಕ್ಕಕ್ಕೆ ಸಿಗದೆ ಹೋಗಿದ್ದರು ಎಂದು ಕಂಡುಬಂತು. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ತನ್ನ ಲೆಕ್ಕದಲ್ಲಿ ಇಷ್ಟು ತಪ್ಪಿರಬಹುದು ಎಂದು ವೇದಿಕೆಯ ಮೇಲಿನ ಯಾವ ಭಾಷಣಕಾರರೂ ಹೇಳಿದ್ದನ್ನು ನೀವು ಕೇಳಿರಲಾರಿರಿ.

ಸರಿ, ಈ ಅಂಕಿಗಳಿಂದ ಏನು ಉಪಯೋಗ? "ಸರ್ಕಾರಿ ಲೆಕ್ಕ ಕಪಾಟಿನಲ್ಲಿ ಧೂಳು ತಿನ್ನುತ್ತದೆ" ಎಂದು ನಮ್ಮಲ್ಲಿ ಒಂದು ತಾತ್ಸಾರದ ಮಾತಿದೆ. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಹೆಣ್ಣುಮಕ್ಕಳದು. 1991ರ ಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಆ ಸಂಖ್ಯೆ 927ಕ್ಕೆ ಇಳಿಯಿತು. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲೇ ಆಗಿತ್ತು, ಆದರೆ ಅದು ಕಾಗದದ ಮೇಲಷ್ಟೇ ಇತ್ತು. ಅದನ್ನು ಜಾರಿಗೊಳಿಸಬೇಕೆಂದು ಮುಂಬಯಿ ಮತ್ತು ಪುಣೆಯ ಸಂಸ್ಥೆಗಳಾದ ಸೆಹತ್, ಮಾಸೂಮ್ ಹಾಗೂ ಡಾ. ಸಾಬು ಜಾರ್ಜ್ ಅವರು 2000ದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆ ನಡೆಯುತ್ತಿದ್ದಾಗಲೇ 2001ರ ಅಂಕಿ ಹೊರಬಿತ್ತು. ಇಳಿಕೆ ಇಲ್ಲ ಎಂದು ವಾದಿಸಲು ಯಾರಿಗೂ ಜಾಗ ಉಳಿಯಲಿಲ್ಲ. ರಾಜ್ಯಗಳಿಗೆ ನ್ಯಾಯಾಲಯದ ಕಟ್ಟುನಿಟ್ಟಿನ ಆದೇಶಗಳು ಬಂದವು, 2003ರಲ್ಲಿ ಕಾಯಿದೆಯ ತಿದ್ದುಪಡಿಯೂ ಜಾರಿಗೆ ಬಂತು. ಹುಟ್ಟದೆ ಹೋದ ಹೆಣ್ಣುಮಗು ಸಾಕ್ಷಿ ಹೇಳಲಾರದು. ಅದರ ಪರವಾಗಿ ಸಾಕ್ಷಿ ಹೇಳಿದ್ದು ಆ ಅಂಕಿ.

ಎರಡನೆಯದು ಅನ್ನದ್ದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಹಳ್ಳಿಗಳಲ್ಲಿ ಶೇಕಡಾ 75ರವರೆಗೆ, ನಗರಗಳಲ್ಲಿ ಶೇಕಡಾ 50ರವರೆಗೆ ಜನರಿಗೆ ಅಗ್ಗದ ಪಡಿತರದ ಹಕ್ಕು ಕೊಟ್ಟಿತು. ಎಷ್ಟು ಮಂದಿಯ ಶೇಕಡಾ 75? 2011ರ ಗಣತಿಯ ಪ್ರಕಾರ. ಅದರಂತೆ ಸುಮಾರು 81 ಕೋಟಿ 35 ಲಕ್ಷ ಜನ ಎಂದು ನಿಗದಿಯಾಯಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು, ಆಮೇಲೂ ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. ಹೀಗಾಗಿ ಜನ ಹೆಚ್ಚಿದರೂ ಪಡಿತರದ ಮಿತಿ ಹಳೆಯ ತಲೆಲೆಕ್ಕದ ಮೇಲೆಯೇ ನಿಂತಿತು. ಲೆಕ್ಕ ತಡವಾದರೆ ಯಾರಿಗೆ ನಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಮೂರನೆಯದು ನಮ್ಮ ಭಾಷೆಯದು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು. ಒಂದು ತರಗತಿಯಲ್ಲಿ 10 ಮಕ್ಕಳು, ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಅವರಿಗೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲೇ ಕಲಿಸಲು ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳು ಸೇರಿದವು. ಮೊದಲನೆಯದು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಬಗ್ಗೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಯ ಬಗ್ಗೆ. ಒಂದು ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಷ್ಟಾದರೂ ಇದ್ದರೆ ಮುಖ್ಯ ಸರ್ಕಾರಿ ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಎಂಬ ರಕ್ಷಣೆಯೂ ಒಪ್ಪಿತವಾಯಿತು.

ಗಮನಿಸಿ, ಇಲ್ಲೆಲ್ಲ ಹಕ್ಕಿನ ಬಾಗಿಲಲ್ಲಿ ಒಂದೊಂದು ಸಂಖ್ಯೆ ಕಾವಲು ನಿಂತಿದೆ: 10, 40, 15. ಮಹಾರಾಷ್ಟ್ರ ರಾಜ್ಯದ ಒಟ್ಟು ಲೆಕ್ಕ ಹಿಡಿದರೆ 2011ರಲ್ಲಿ ಕನ್ನಡಿಗರು ನೂರಕ್ಕೆ ಒಬ್ಬರೂ ಇಲ್ಲ. ಆದರೆ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳಿಗೆ ಹೋದರೆ ಚಿತ್ರ ಬೇರೆ. ಅಲ್ಲಿ ಕನ್ನಡ ಊರಿನ ಮಾತು, ಸಂತೆಯ ಮಾತು, ಶಾಲೆಯ ಮಾತು. ರಾಜ್ಯದ ಸರಾಸರಿಯಲ್ಲಿ ಮುಳುಗಿಹೋಗುವ ಜನ ತಾಲ್ಲೂಕಿನ ಪಟ್ಟಿಯಲ್ಲಿ ಎದ್ದು ಕಾಣುತ್ತಾರೆ. ಆದ್ದರಿಂದ ಪುರಾವೆ ಎಂದು ಅಂಕಿಯನ್ನು ಎತ್ತಿಕೊಳ್ಳುವಾಗ ಅದು ಯಾವ ಪ್ರದೇಶದ ಲೆಕ್ಕ ಎಂದು ಮೊದಲು ನೋಡಬೇಕು.

ಈಗ ಅಂಕಿ ಏನನ್ನು ಹೇಳುತ್ತದೆ ಎಂಬ ಪ್ರಶ್ನೆಗೆ ಬರೋಣ. ಕೇಳಿದ ಪ್ರಶ್ನೆಗಷ್ಟೇ ಅದು ಉತ್ತರ. ಜನಗಣತಿ "ನಿಮಗೆ ಕನ್ನಡ ಬರುತ್ತದೆಯೇ?" ಎಂದು ಕೇಳುವುದಿಲ್ಲ, "ನೀವು ಕನ್ನಡಿಗರೇ?" ಎಂದೂ ಕೇಳುವುದಿಲ್ಲ. ಅದು ಕೇಳುವುದು ಮಾತೃಭಾಷೆಯನ್ನು. ಗಣತಿದಾರರ ಸೂಚನೆಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ತನ್ನೊಂದಿಗೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಆಗ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಒಂದೇ ಮನೆಯಲ್ಲಿ ಎಲ್ಲರಿಗೂ ಒಂದೇ ಮಾತೃಭಾಷೆ ಇರಬೇಕೆಂದಿಲ್ಲ, ಒಬ್ಬೊಬ್ಬರದನ್ನೂ ಬೇರೆಬೇರೆಯಾಗಿ ಕೇಳಿ ಬರೆಯಬೇಕು ಎಂಬ ಸೂಚನೆಯೂ ಇದೆ.

ಈ ವ್ಯಾಖ್ಯೆಯನ್ನು ನಮ್ಮ ಮುಂಬಯಿ ಮನೆಗಳಿಗೆ ಹಚ್ಚಿ ನೋಡಿ. ಈ ನಗರದಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿದವರು, ಹೋಟೆಲ್ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದವರು, ಕನ್ನಡ ನಾಟಕ ಆಡಿದವರು, ಯಕ್ಷಗಾನ ಕುಣಿದವರು, ಕನ್ನಡ ಪತ್ರಿಕೆ ಹೊರಡಿಸಿದವರು, ಈ ಕಾರ್ಯಕ್ರಮಕ್ಕೆ ಪತ್ರ ಬರೆಯುವವರು, ಇವರಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು. ಇನ್ನು ಕೆಲವರದು ಕೊಂಕಣಿ, ಕೆಲವರದು ಬ್ಯಾರಿ, ಕೆಲವರದು ಉರ್ದು. ಅವರ ಅಕ್ಷರ ಕನ್ನಡ, ಸಭೆಯ ಮಾತು ಕನ್ನಡ, ಓದು ಕನ್ನಡ. ತಾಯಿ ಆಡಿದ ಮಾತು ಮಾತ್ರ ಬೇರೆ. ಮಾತೃಭಾಷೆಯ ಪಟ್ಟಿಯ "ಕನ್ನಡ" ಸಾಲಿನಲ್ಲಿ ಇವರು ಬರುವುದಿಲ್ಲ. ಹೀಗಾಗಿ ಆ ಹತ್ತು ಲಕ್ಷವೆಂಬುದು ಮಹಾರಾಷ್ಟ್ರದಲ್ಲಿ ಕನ್ನಡ ಬಳಸುವವರ ಲೆಕ್ಕವಲ್ಲ. ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರ ಲೆಕ್ಕ. ಎರಡೂ ಬೇರೆ.

ಅದೇ ರೀತಿ, ಜನ ಹೇಳಿದ ಹೆಸರುಗಳನ್ನೆಲ್ಲ ಗಣತಿ ಇಲಾಖೆ ಇದ್ದಂತೆಯೇ ಅಚ್ಚು ಹಾಕುವುದಿಲ್ಲ. 2011ರಲ್ಲಿ ದೇಶದ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ, ಊರ ಹೆಸರು, ಜಾತಿಯ ಹೆಸರು ಎಲ್ಲ ಪರಿಶೀಲಿಸಿ ಅವನ್ನು 1,369 ಮಾತೃಭಾಷೆಗಳಿಗೆ ಇಳಿಸಿದರು. ಕಡೆಗೆ ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ ಭಾಷೆಗಳೆಂದು 121ನ್ನು ಪ್ರಕಟಿಸಿದರು. ನೀಲಗಿರಿಯ ಬಡಗ ಮಾತಿನ ಸುಮಾರು 1 ಲಕ್ಷ 33 ಸಾವಿರ ಮಂದಿ "ಕನ್ನಡ" ಎಂಬ ಗುಂಪಿನೊಳಗೆ ಸೇರಿದ್ದಾರೆ. ಹಿಂದಿಯ 52 ಕೋಟಿ 83 ಲಕ್ಷದ ಲೆಕ್ಕದಲ್ಲಿ 5 ಕೋಟಿಗೂ ಹೆಚ್ಚು ಭೋಜಪುರಿಯವರು, ರಾಜಸ್ಥಾನಿ ಎಂದು ಬರೆಸಿದ ಎರಡೂವರೆ ಕೋಟಿಗೂ ಹೆಚ್ಚು ಮಂದಿ ಸೇರಿದ್ದಾರೆ. "ಹಿಂದಿ" ಎಂದೇ ಹೆಸರು ಹೇಳಿದವರು ಸುಮಾರು 32 ಕೋಟಿ 22 ಲಕ್ಷ. ಇದರಲ್ಲಿ ಯಾವ ಮೋಸವೂ ಇಲ್ಲ, ಪಟ್ಟಿಯ ಒಳಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಟ್ಟಿದ್ದಾರೆ. ಆದರೆ ಮೇಲಿನ ಸಾಲನ್ನಷ್ಟೇ ಓದಿ ವಾದಕ್ಕೆ ನಿಲ್ಲುವವರು ಅರ್ಧ ಪುರಾವೆಯನ್ನು ಮಾತ್ರ ಹಿಡಿದಿರುತ್ತಾರೆ.

ಹಾಗಾದರೆ ಮಹಾರಾಷ್ಟ್ರದಲ್ಲಿ ಎರಡೂವರೆ ಲಕ್ಷ ಇಳಿಯಿತಲ್ಲ, ಅದರ ಅರ್ಥವೇನು? ಇಳಿದದ್ದು ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಏಕೆ ಇಳಿಯಿತು ಎಂಬುದು ಆ ಸಾಲಿನಲ್ಲಿ ಬರೆದಿಲ್ಲ. ನಿವೃತ್ತರಾದವರು ಊರಿಗೆ ಮರಳಿರಬಹುದು. ಮೊದಲಿನಂತೆ ಹುಡುಗರು ಮುಂಬಯಿ ಗಾಡಿ ಹತ್ತದೆ ಬೆಂಗಳೂರಿನ ಬಸ್ಸು ಹತ್ತಿರಬಹುದು. ಇಲ್ಲೇ ಹುಟ್ಟಿದ ಮಕ್ಕಳಿಗೆ ತಂದೆತಾಯಿ ಮರಾಠಿ ಅಥವಾ ಹಿಂದಿ ಎಂದು ಬರೆಸಿರಬಹುದು. ಸೊಲ್ಲಾಪುರದ ಕಡೆ ಎರಡೂ ಭಾಷೆ ಸಮವಾಗಿ ಆಡುವ ಮನೆಗಳಲ್ಲಿ ಒಂದು ಗಣತಿಯಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ ಎಂದಿರಬಹುದು. ಇವನ್ನೆಲ್ಲ ಬೇರೆ ಬೇರೆ ಪಟ್ಟಿಗಳಿಂದ, ವಯಸ್ಸಿನ ಲೆಕ್ಕದಿಂದ, ವಲಸೆಯ ಲೆಕ್ಕದಿಂದ ಪರೀಕ್ಷಿಸಬೇಕು. ಅಷ್ಟು ತಾಳ್ಮೆಯಿಲ್ಲದೆ "ಕನ್ನಡ ಸತ್ತೇ ಹೋಯಿತು" ಎಂದು ಗೋಳಾಡುವುದಾಗಲಿ, "ಸರ್ಕಾರ ಬೇಕೆಂದೇ ಕಡಿಮೆ ಮಾಡಿದೆ" ಎಂದು ಗುಮಾನಿ ಹಬ್ಬಿಸುವುದಾಗಲಿ ಎರಡೂ ಸಲ್ಲದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಅಂಕಿಗೂ ಅನ್ವಯಿಸುತ್ತದೆ.

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಇಳಿಕೆಯನ್ನು ಕಂಡು ಕಳವಳಗೊಂಡ ಕೆಲವು ಹಿರಿಯರು ಒಂದು ಉಪಾಯ ಹೇಳುವುದುಂಟು: "ಮುಂದಿನ ಗಣತಿಯಲ್ಲಿ ತುಳುವರು, ಕೊಂಕಣಿಗರು ಎಲ್ಲರೂ ಕನ್ನಡ ಎಂದೇ ಬರೆಸಿಬಿಡಲಿ, ನಮ್ಮ ಸಂಖ್ಯೆ ಹೆಚ್ಚುತ್ತದೆ." ಅವರ ಕಾಳಜಿ ಪ್ರಾಮಾಣಿಕವಾದದ್ದು. ಕನ್ನಡವೇ ನನ್ನ ಅನ್ನದ ಭಾಷೆ, ಕನ್ನಡದ ಸಂಖ್ಯೆ ಹೆಚ್ಚಿದರೆ ನನಗಿಂತ ಸಂತೋಷಪಡುವವರು ಯಾರು? ಆದರೂ ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ.

ಏಕೆಂದರೆ ಬೇಕಾದಂತೆ ಉತ್ತರ ಬರೆಸುವ ಆಟವನ್ನು ಎಲ್ಲರೂ ಆಡಬಲ್ಲರು. ಪಂಜಾಬಿನಲ್ಲಿ 1951ರ ಗಣತಿಯ ಹೊತ್ತಿಗೆ ಭಾಷೆಯ ಪ್ರಶ್ನೆ ರಾಜ್ಯ ರಚನೆಯ, ಧರ್ಮದ ಪ್ರಶ್ನೆಯೊಂದಿಗೆ ಸೇರಿಕೊಂಡಿತು. ಮನೆಯಲ್ಲಿ ಪಂಜಾಬಿ ಆಡುವ ಅನೇಕರು ಪ್ರಚಾರಕ್ಕೆ ಓಗೊಟ್ಟು ಹಿಂದಿ ಎಂದು ಬರೆಸಿದರು. ಗಲಾಟೆ ಎಷ್ಟಾಯಿತೆಂದರೆ ಆ ಭಾಗದಲ್ಲಿ ಹಿಂದಿ, ಪಂಜಾಬಿ, ಉರ್ದು, ಪಹಾಡಿ ಎಲ್ಲವನ್ನೂ ಒಟ್ಟಾಗಿಯೇ ಲೆಕ್ಕ ಹಾಕಿ ಪ್ರಕಟಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಂದಾಗ, ಯಾವ ಅಂಕಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತೋ ಅದೇ ಅಂಕಿ ಅಲ್ಲಿ ಇರಲಿಲ್ಲ. ಸಂಸ್ಕೃತದ ಲೆಕ್ಕವನ್ನೂ ನೋಡಿ. ಅದನ್ನು ಮಾತೃಭಾಷೆ ಎಂದು ಬರೆಸಿದವರು 1981ರಲ್ಲಿ 6,106. 1991ರಲ್ಲಿ 49,736. 2001ರಲ್ಲಿ 14,135. 2011ರಲ್ಲಿ 24,821. ತಾಯಂದಿರು ಆಡುವ ಮಾತು ಹತ್ತು ವರ್ಷಕ್ಕೆ ಎಂಟು ಪಟ್ಟು ಏರಿ, ಮತ್ತೆ ಹತ್ತು ವರ್ಷಕ್ಕೆ ಮೂರನೆಯ ಒಂದು ಭಾಗಕ್ಕಿಂತ ಕೆಳಗೆ ಇಳಿಯುವುದುಂಟೇ? ಏರಿ ಇಳಿದದ್ದು ಜನರ ಅಭಿಮಾನ. ಇಂಥ ಅಂಕಿಯನ್ನು ಪುರಾವೆ ಎಂದು ಮುಂದಿಟ್ಟರೆ ಕಚೇರಿಯ ಗುಮಾಸ್ತನೂ ನಗುತ್ತಾನೆ.

ತುಳುವರ ಕಡೆಯಿಂದಲೂ ಯೋಚಿಸಿ. 2011ರಲ್ಲಿ ತುಳು ಮಾತೃಭಾಷೆಯವರು 18 ಲಕ್ಷ 46 ಸಾವಿರ. ತಮ್ಮ ಭಾಷೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿಸಬೇಕೆಂಬ ಬೇಡಿಕೆಗೆ ಅವರಿಗಿರುವ ಪುರಾವೆಗಳಲ್ಲಿ ಈ ಸಂಖ್ಯೆಯೂ ಒಂದು. ಇಷ್ಟು ಕಾಲ ಕನ್ನಡವನ್ನು ಹೆಗಲ ಮೇಲೆ ಹೊತ್ತು ಮೆರೆಸಿದವರ ಕೈಯಿಂದ ಅವರ ಪುರಾವೆಯನ್ನು ಕಸಿದು ನಮ್ಮ ಗಂಟು ದೊಡ್ಡದು ಮಾಡಿಕೊಳ್ಳುವುದು ನ್ಯಾಯವೇ? ತಾಯಿ ಆಡಿದ ಮಾತು ತುಳುವಾದರೆ ತುಳು ಎಂದೇ ಬರೆಸಿ. ಕೊಂಕಣಿಯಾದರೆ ಕೊಂಕಣಿ.

ಕನ್ನಡಕ್ಕೆ ಅಲ್ಲೇ ಪಕ್ಕದಲ್ಲಿ ಜಾಗವಿದೆ. 2011ರ ಪ್ರಶ್ನಾವಳಿಯಲ್ಲಿ ಮಾತೃಭಾಷೆಯ ನಂತರ "ಬಲ್ಲ ಇತರ ಭಾಷೆಗಳು" ಎಂಬ ಪ್ರಶ್ನೆ ಇತ್ತು. ಎರಡು ಭಾಷೆಗಳವರೆಗೆ, ಚೆನ್ನಾಗಿ ಮಾತಾಡಬಲ್ಲ ಕ್ರಮದಲ್ಲಿ ಬರೆಸಬಹುದಿತ್ತು. ಮುಂಬಯಿಯ ತುಳುವರಿಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ಹಿಂದಿ ಬರುತ್ತದೆ, ಇಂಗ್ಲಿಷೂ ಬರುತ್ತದೆ. ಜಾಗ ಇದ್ದದ್ದು ಎರಡಕ್ಕೆ. ಬಹಳ ಮಂದಿ ಈ ಪ್ರಶ್ನೆಯನ್ನು ಲಘುವಾಗಿ ತೆಗೆದುಕೊಂಡು, ಗಣತಿದಾರರು ಅವಸರದಲ್ಲಿದ್ದಾರೆ ಎಂದು, "ಹಿಂದಿ, ಇಂಗ್ಲಿಷ್ ಬರೆದುಕೊಳ್ಳಿ" ಎಂದುಬಿಡುತ್ತಾರೆ. ನಿಮಗೆ ಕನ್ನಡವೇ ಹೆಚ್ಚು ಚೆನ್ನಾಗಿ ಬರುವುದಾದರೆ ಅದನ್ನೇ ಮೊದಲು ಬರೆಸಿ. ಮರಾಠಿ ಹೆಚ್ಚು ಚೆನ್ನಾಗಿ ಬರುವುದಾದರೆ ಮರಾಠಿಯನ್ನೇ ಮೊದಲು ಬರೆಸಿ, ಅದರಲ್ಲಿ ಕನ್ನಡದ್ರೋಹವೇನೂ ಇಲ್ಲ. ಎರಡು ಮೂರು ಭಾಷೆ ಬಲ್ಲವರ ಲೆಕ್ಕವನ್ನು ಜನಗಣತಿ ಬೇರೆ ಪಟ್ಟಿಯಾಗಿಯೇ ಪ್ರಕಟಿಸುತ್ತದೆ. ಹೊರನಾಡಿನಲ್ಲಿ ಕನ್ನಡ ಎಷ್ಟು ಮಂದಿಯ ನಾಲಿಗೆಯ ಮೇಲಿದೆ ಎಂಬುದಕ್ಕೆ ಮಾತೃಭಾಷೆಯ ಪಟ್ಟಿಗಿಂತ ಆ ಪಟ್ಟಿಯೇ ಒಳ್ಳೆಯ ಸಾಕ್ಷಿ. ನಮ್ಮ ಸಂಘಗಳ ಮನವಿಪತ್ರಗಳಲ್ಲಿ ಅದು ಕಾಣಿಸಿಕೊಳ್ಳಬೇಕು.

ನಿಜ ಹೇಳಬೇಕಾದವರು ಉತ್ತರಿಸುವ ಜನ ಮಾತ್ರ ಎಂದು ಭಾವಿಸಬೇಡಿ. ಲೆಕ್ಕ ಮಾಡಿಸುವ ಸರ್ಕಾರಕ್ಕೂ ಈ ಮಾತು ಸಲ್ಲುತ್ತದೆ. ನಮ್ಮ ದೇಶಕ್ಕೆ ಈ ವಿಷಯದಲ್ಲಿ ಒಳ್ಳೆಯ ಹೆಸರಿತ್ತು. ಪ್ರೊಫೆಸರ್ ಪಿ. ಸಿ. ಮಹಲನೋಬಿಸ್ ಅವರು 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತೇವೆ. ಆದರೆ 2019ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು, ಪಿ. ಸಿ. ಮೋಹನನ್ ಮತ್ತು ಜೆ. ವಿ. ಮೀನಾಕ್ಷಿ, ರಾಜೀನಾಮೆ ಕೊಟ್ಟರು. ಆಯೋಗ ಒಪ್ಪಿದ್ದ ಉದ್ಯೋಗ ಸಮೀಕ್ಷೆಯ ವರದಿ ಹೊರಬರದೆ ಉಳಿದದ್ದು ಅದಕ್ಕೆ ಒಂದು ಕಾರಣ. ಅದು ಲೋಕಸಭಾ ಚುನಾವಣೆ ಹತ್ತಿರವಿದ್ದ ಹೊತ್ತು. 2017-18ರಲ್ಲಿ ನಿರುದ್ಯೋಗ ಶೇಕಡಾ 6.1 ಎಂದು ತೋರಿಸುವ ಆ ವರದಿ ಪತ್ರಿಕೆಯಲ್ಲಿ ಸೋರಿಕೆಯಾಗಿ ಬಂತು. ಸರ್ಕಾರ ಅದನ್ನು ಅಧಿಕೃತವಾಗಿ ಬಿಡುಗಡೆ ಮಾಡಿದ್ದು ಚುನಾವಣೆಯ ಫಲಿತಾಂಶ ಬಂದ ಮೇಲೆ, ಮೇ 31ರಂದು. ಅಂಕಿ ಅದೇ ಇತ್ತು. ಅದೇ ವರ್ಷದ ನವೆಂಬರಿನಲ್ಲಿ ಕುಟುಂಬಗಳ ಖರ್ಚಿನ ಸಮೀಕ್ಷೆಯನ್ನು, ದತ್ತಾಂಶದ ಗುಣಮಟ್ಟ ಸರಿಯಿಲ್ಲವೆಂಬ ಕಾರಣ ನೀಡಿ, ಬಿಡುಗಡೆ ಮಾಡದಿರಲು ಸಚಿವಾಲಯ ನಿರ್ಧರಿಸಿತು.

ಇದರಲ್ಲಿ ಯಾವ ಪಕ್ಷ ಸರಿ ಎಂಬ ಚರ್ಚೆ ನನ್ನದಲ್ಲ. ನನ್ನ ಮಾತು ಇಷ್ಟೆ. ಅಂಕಿಯನ್ನು ಯಾವಾಗ ಹೊರಬಿಡಬೇಕು ಎಂಬ ತೀರ್ಮಾನ ಅದರಿಂದ ಮುಜುಗರ ಪಡುವವರ ಕೈಯಲ್ಲಿದ್ದರೆ, ಆಮೇಲೆ ಬರುವ ಒಳ್ಳೆಯ ಅಂಕಿಯನ್ನೂ ಜನ ಸಂಶಯದಿಂದ ನೋಡುತ್ತಾರೆ. ಮೊದಲೇ ಪ್ರಕಟಿಸಿದ ದಿನಾಂಕದಂದು, ಸಿಹಿಯಿರಲಿ ಕಹಿಯಿರಲಿ, ಅಂಕಿ ಹೊರಬರಬೇಕು. ತಪ್ಪಿದ್ದರೆ ತಪ್ಪು ಎಲ್ಲಿದೆ ಎಂಬುದೂ ಅದರ ಜೊತೆಗೇ ಬರಬೇಕು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು, ಹಿಮ ಬೀಳುವ ಪ್ರದೇಶಗಳಿಗೆ 2026ರ ಅಕ್ಟೋಬರ್ 1ನ್ನು ಲೆಕ್ಕದ ದಿನವೆಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮೊದಲ ಬಾರಿಗೆ ಮೊಬೈಲ್ ಆ್ಯಪ್ ಮೂಲಕ ಮಾಹಿತಿ ಸಂಗ್ರಹ, ಜನ ತಾವೇ ತಮ್ಮ ವಿವರ ತುಂಬುವ ಅವಕಾಶ, ಜಾತಿಯ ಎಣಿಕೆ ಎಲ್ಲವೂ ಇದರಲ್ಲಿ ಸೇರಿವೆ. ಹದಿನಾರು ವರ್ಷಗಳ ನಂತರದ ಲೆಕ್ಕ ಇದು. 2011ರಲ್ಲಿ ಹುಟ್ಟಿದ ಮಗು ಇದರೊಳಗೆ ಬರುವಾಗ ಕಾಲೇಜಿನ ಮೆಟ್ಟಿಲಿನ ಸಮೀಪಕ್ಕೆ ಬಂದಿರುತ್ತದೆ.

ಆದ್ದರಿಂದ ಕೇಳುಗರಲ್ಲಿ ನನ್ನ ಕೆಲವು ವಿನಂತಿಗಳು. ಗಣತಿದಾರರು ಬಾಗಿಲು ತಟ್ಟಿದಾಗ "ಸೊಸೈಟಿ ವಾಚ್‌ಮನ್‌ನನ್ನು ಕೇಳಿ" ಎಂದು ಕಳುಹಿಸಬೇಡಿ. ನಾವು ಮನೆಯಲ್ಲಿ ಇಲ್ಲದಾಗ ಪಕ್ಕದವರು ಹೇಳುವ ಉತ್ತರ ಸಾಮಾನ್ಯವಾಗಿ ಊಹೆಯದ್ದಾಗಿರುತ್ತದೆ. "ತುಮಚೀ ಮಾತೃಭಾಷಾ ಕೋಣತೀ?" ಎಂದು ಅವರು ಕೇಳಿದರೆ ಮನೆಯ ಹಿರಿಯರದೊಂದನ್ನೇ ಹೇಳಿ ಮುಗಿಸಬೇಡಿ. ಅಜ್ಜಿಯದು, ಸೊಸೆಯದು, ಮೊಮ್ಮಗುವಿನದು ಬೇರೆ ಬೇರೆಯಾಗಿದ್ದರೆ ಹಾಗೆಯೇ ಬರೆಸಿ. ಮೊಮ್ಮಗುವಿಗೆ ಅದರ ತಾಯಿ ಮರಾಠಿಯಲ್ಲೇ ಲಾಲಿ ಹಾಡುವುದಾದರೆ ಅದರ ಮಾತೃಭಾಷೆ ಮರಾಠಿಯೇ. ಅದನ್ನು ಬರೆಸುವಾಗ ಮನಸ್ಸಿಗೆ ಚುಚ್ಚಬಹುದು. ಚುಚ್ಚಿದರೆ ಗಣತಿಯ ನಮೂನೆಯನ್ನು ತಿದ್ದುವ ಬದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕನ್ನಡ ಕಥೆ ಹೇಳಿ. ಹೇಳಿದ್ದನ್ನು ಅವರು ಸರಿಯಾಗಿ ಬರೆದುಕೊಂಡರೇ ಎಂದು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ, ಅದು ಅವರ ಮೇಲಿನ ಅಪನಂಬಿಕೆಯಲ್ಲ. ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬಂದವರಿಗೆ ಒಂದು ಲೋಟ ನೀರು ಕೊಡುವುದನ್ನೂ ಮರೆಯಬೇಡಿ.

ಇನ್ನು ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ ಒಂದು ಮಾತು. ಮುಂದಿನ ಸಲ ವೇದಿಕೆಯ ಮೇಲೆ ಒಂದು ಸಂಖ್ಯೆ ಹೇಳುವಾಗ ಜೊತೆಗೆ ಇಷ್ಟನ್ನು ಹೇಳಿ: ಯಾರು ಎಣಿಸಿದ್ದು, ಯಾವ ವರ್ಷ, ಯಾವ ಪ್ರದೇಶ, ಯಾವ ಪ್ರಶ್ನೆಗೆ ಬಂದ ಉತ್ತರ. ಸಂಖ್ಯೆ ಚಿಕ್ಕದಾಗಬಹುದು, ಚಪ್ಪಾಳೆಯೂ ಕಡಿಮೆಯಾಗಬಹುದು. ಆದರೆ ಅದೇ ಮಾತನ್ನು ಹಿಡಿದು ಶಿಕ್ಷಣಾಧಿಕಾರಿಯ ಮೇಜಿನ ಮುಂದೆ ನಿಂತಾಗ ನಿಮ್ಮ ದನಿ ನಡುಗುವುದಿಲ್ಲ. ಹತ್ತು ಮಕ್ಕಳ ಹೆಸರು, ವಯಸ್ಸು, ಮನೆಯ ವಿಳಾಸ ಬರೆದ ಒಂದು ಹಾಳೆ ಒಂದು ತರಗತಿಯನ್ನು ಉಳಿಸಬಹುದು. ಇಪ್ಪತ್ತು ಲಕ್ಷ ಎಂಬ ಘೋಷಣೆಗೆ ಅಷ್ಟು ಬಲವಿಲ್ಲ.

ನಾವು ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಬರೆಯುವವರು ದೆಹಲಿಯಲ್ಲಿ ಕುಳಿತ ಯಾರೋ ಅಧಿಕಾರಿಗಳಲ್ಲ. ಬಾಗಿಲು ತೆರೆದು ನಿಂತ ನಾವು ನೀವೇ. ನಾವು ಕೊಟ್ಟ ಉತ್ತರ ನಿಜವಾಗಿದ್ದರೆ ಮಾತ್ರ ನಾಳೆ ಅದೇ ಉತ್ತರವನ್ನು ಪುರಾವೆಯಾಗಿ ಕೇಳುವ ಹಕ್ಕು ನಮಗಿರುತ್ತದೆ.

ಈ ವಿಷಯದ ಬಗ್ಗೆ ನಿಮ್ಮ ಅಭಿಪ್ರಾಯಗಳನ್ನು ಎಂದಿನಂತೆ ಬರೆದು ತಿಳಿಸಿ. ಆಯ್ದ ಪತ್ರಗಳನ್ನು ಪತ್ರೋತ್ತರ ಕಾರ್ಯಕ್ರಮದಲ್ಲಿ ಓದುತ್ತೇವೆ.